ಪಾರ್ಸಲ್‌ನಲ್ಲಿ ಬಂದ ಫೇಡೆ ಕೈಗೆ ಸಿಗಲಿಲ್ಲ. ಅವ್ವನಿಗೆ ಹೇಗೆ ಹೇಳಲಿ?

ಪ್ರಶ್ನೆ (ಧಾರವಾಡದವಳು, ಈಗ ಜರ್ಮನಿಯಲ್ಲಿ)

ನಾನು ಇಲ್ಲಿಗೆ ಬಂದು ಒಂದೂವರೆ ವರ್ಷವಾಯಿತು. ಕಳೆದ ತಿಂಗಳು ಅವ್ವ ಅಂಚೆಯಲ್ಲಿ ಐದು ಕಿಲೋ ತೂಕದ ಪಾರ್ಸಲ್ ಕಳಿಸಿದ್ದಳು. ಅದು ಮನೆ ಬಾಗಿಲಿಗೆ ಬರಲಿಲ್ಲ. ಸುಂಕದ ಕಚೇರಿಗೆ ಬಂದು ಬಿಡಿಸಿಕೊಳ್ಳಬೇಕೆಂಬ ಪತ್ರ ಬಂದಿತು. ಅಲ್ಲಿನ ಅಧಿಕಾರಿ ನನ್ನ ಕೈಗೇ ಕತ್ತರಿ ಕೊಟ್ಟು ತೆರೆಯಲು ಹೇಳಿದರು. ಅವ್ವ ಡಬ್ಬಿಯ ಸುತ್ತ ಬಿಳಿಯ ಬಟ್ಟೆ ಸುತ್ತಿ, ದಬ್ಬಣದಿಂದ ಎಷ್ಟು ಒತ್ತಾಗಿ ಹೊಲಿದಿದ್ದಳೆಂದರೆ, ಹೊಲಿಗೆ ಬಿಚ್ಚುವುದಕ್ಕೇ ಹತ್ತು ನಿಮಿಷ ಹಿಡಿಯಿತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಇಪ್ಪತ್ತು ಕಡಕ್ ರೊಟ್ಟಿ (ಮೇಲಿನ ನಾಲ್ಕು ಪುಡಿಯಾಗಿದ್ದವು), ಇವೆಲ್ಲ ಪಾರಾದವು. ಒಂದು ಕಿಲೋ ಫೇಡೆಯನ್ನೂ ಮನೆಯಲ್ಲಿ ಕಾಯಿಸಿದ ತುಪ್ಪವನ್ನೂ ಮಾತ್ರ ಅವರು ಪಕ್ಕಕ್ಕೆ ಎತ್ತಿಟ್ಟರು. ಇದು ನಮ್ಮ ಊರಿನ ಹೆಸರನ್ನೇ ಹೊತ್ತ ಸಿಹಿ ಎಂದು ವಿವರಿಸಿ ನೋಡಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತಾಯಿತು.

ಫೋನಿನಲ್ಲಿ ಅವ್ವನಿಗೆ ಫೇಡೆ ಬಹಳ ಚೆನ್ನಾಗಿತ್ತೆಂದು ಸುಳ್ಳು ಹೇಳಿದ್ದೇನೆ. ಅವಳು ಈಗ ದೀಪಾವಳಿಯ ಪಾರ್ಸಲ್‌ಗೆ ಸಿದ್ಧತೆ ನಡೆಸಿದ್ದಾಳೆ. ನಿಯಮ ನಿಜವಾಗಿ ಏನಿದೆ, ಅವಳ ಮನಸ್ಸು ನೋಯದಂತೆ ಅದನ್ನು ತಿಳಿಸುವುದು ಹೇಗೆ?

ಉತ್ತರ (ಮ್ಯೂನಿಕ್, 14 ವರ್ಷಗಳಿಂದ)

ಐರೋಪ್ಯ ಒಕ್ಕೂಟದ ಹೊರಗಿನಿಂದ ಖಾಸಗಿ ಪಾರ್ಸಲ್‌ನಲ್ಲಿ ಹಾಲಿನ ಮತ್ತು ಮಾಂಸದ ಪದಾರ್ಥಗಳು ಬರುವಂತಿಲ್ಲ. ಶಿಶುಗಳ ಹಾಲಿನಪುಡಿಯಂಥ ಕೆಲವಕ್ಕೆ ಮಾತ್ರ ವಿನಾಯಿತಿಯಿದೆ. ಕಾಲುಬಾಯಿ ಜ್ವರದಂಥ ಜಾನುವಾರು ರೋಗಗಳು ಇವುಗಳ ಜೊತೆ ಬಂದಾವು ಎಂಬುದು ಕಾರಣ. 2025ರ ಜನವರಿಯಲ್ಲಿ ಬ್ರಾಂಡೆನ್‌ಬುರ್ಗ್‌ನ ಎಮ್ಮೆಗಳಲ್ಲಿ ಆ ರೋಗ ಕಾಣಿಸಿಕೊಂಡಿತ್ತು. 1988ರ ನಂತರ ಜರ್ಮನಿಯಲ್ಲಿ ಅದೇ ಮೊದಲು. ಆದ್ದರಿಂದ ಇದನ್ನು ಅಧಿಕಾರಿಯ ಹಟವೆಂದು ತಿಳಿಯಬೇಡಿ. ಹಸಿ ಕರಿಬೇವಿನ ಆಸೆಯನ್ನೂ ಬಿಡಿ: 2019ರ ಡಿಸೆಂಬರ್ 14ರಿಂದ ತಾಜಾ ಸೊಪ್ಪು, ತರಕಾರಿ, ಹಣ್ಣುಗಳಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸ್, ಖರ್ಜೂರ, ಡುರಿಯನ್ ಎಂಬ ಐದಕ್ಕೆ ಮಾತ್ರ ಬೇಕಿಲ್ಲ.

ಹಣದ ಲೆಕ್ಕ ಸರಳ. ಮನೆಯವರು ಮನೆಯವರಿಗೆ ಕಳಿಸುವ ಉಡುಗೊರೆ 45 ಯೂರೋ ಒಳಗಿದ್ದರೆ ಸುಂಕವೂ ತೆರಿಗೆಯೂ ಇಲ್ಲ. ಕಾಫಿಪುಡಿಗೆ 500 ಗ್ರಾಂ ಮಿತಿಯಿದೆ.

ಇನ್ನು ಸುಳ್ಳಿನ ವಿಷಯ. ತುಪ್ಪದ ಪರಿಮಳ ಕೋಣೆಯೆಲ್ಲ ತುಂಬಿತ್ತೆಂದು ನಾನೂ ಒಮ್ಮೆ ಅಮ್ಮನಿಗೆ ಹೇಳಿದ್ದೆ. ಮುಂದಿನ ಸಲ ಎರಡು ಕಿಲೋ ಬಂದಿತು, ಅದೂ ಹೋಯಿತು. ಈಗಲೇ ನಿಜ ಹೇಳಿಬಿಡಿ. ಆದರೆ ‘ಇದನ್ನು ಕಳಿಸಬೇಡ’ ಎಂದು ಮಾತು ಆರಂಭಿಸಬೇಡಿ. ‘ಇದು ಬೇಕಾಗಿತ್ತು’ ಎಂದು ಏನಾದರೂ ಕೇಳಿ.

ಉತ್ತರ (ದುಬೈ)

ಇಲ್ಲಿ ಗಸಗಸೆ ನಿಷಿದ್ಧ, ಸಿಂಗಪುರದಲ್ಲಿಯೂ ಹಾಗೆಯೇ. ಅದನ್ನು ಮಾದಕ ವಸ್ತುವಿನ ಕಾನೂನಿನಡಿ ನೋಡುತ್ತಾರೆ. ಸಾಂಬಾರು ಪುಡಿಗೆ ಒಂದು ಚಮಚ ಗಸಗಸೆ ಹುರಿದು ಹಾಕುವ ಅಭ್ಯಾಸವುಳ್ಳ ತಾಯಂದಿರಿಗೆ ಇದನ್ನು ಮೊದಲೇ ತಿಳಿಸಿಡಿ.

ಉತ್ತರ (ನ್ಯೂಜೆರ್ಸಿ, ಮೈಸೂರಿನವಳು)

ನನ್ನ ತವರಿನವರು ಪ್ರತಿ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕಳಿಸುತ್ತಾರೆ. ಖಾಸಗಿ ಪಾರ್ಸಲ್‌ನಲ್ಲಿ ಬರುವ ಭಾರತದ ಅಕ್ಕಿಯನ್ನು ಖಪ್ರಾ ಎಂಬ ಧಾನ್ಯದ ಹುಳುವಿನ ಭಯದಿಂದ ಇಲ್ಲಿ ಒಳಗೆ ಬಿಡುವುದಿಲ್ಲವಾದ್ದರಿಂದ, ಮೊರದಲ್ಲಿಡುವ ಅಕ್ಕಿಬೇಳೆಯನ್ನು ನಾನು ಇಲ್ಲಿನ ಅಂಗಡಿಯಿಂದ ತರುತ್ತೇನೆ. ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ರವಿಕೆ ಕಣ ಮಾತ್ರ ಊರಿನಿಂದ ಬರುತ್ತವೆ. 2025ರಲ್ಲಿ ಅವೂ ಹಬ್ಬದ ಹೊತ್ತಿಗೆ ಬರಲಿಲ್ಲ. ಅಮೆರಿಕವು 800 ಡಾಲರ್‌ವರೆಗಿನ ಸುಂಕ ವಿನಾಯಿತಿಯನ್ನು ಆಗಸ್ಟ್ 29ರಿಂದ ರದ್ದುಪಡಿಸಿತು. 100 ಡಾಲರ್ ಒಳಗಿನ ಉಡುಗೊರೆಗೆ ವಿನಾಯಿತಿ ಉಳಿದಿದ್ದರೂ, ಹೊಸ ಸುಂಕವನ್ನು ವಸೂಲು ಮಾಡುವ ವ್ಯವಸ್ಥೆ ಸ್ಪಷ್ಟವಾಗಿರದ ಕಾರಣ ಭಾರತೀಯ ಅಂಚೆ ಇಲ್ಲಿಗೆ ಪಾರ್ಸಲ್ ಕಳಿಸುವುದನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ಗೌರಿ ಹೋಗಿ ಎಷ್ಟೋ ದಿನಗಳಾದ ಮೇಲೆ ಬಂದ ಆ ಬಳೆಗಳನ್ನು ನಾನು ದೀಪಾವಳಿಗೆ ತೊಟ್ಟೆ.

ಉತ್ತರ (ಸಾಗರ, ಮಗ ನೆದರ್‌ಲ್ಯಾಂಡ್ಸ್‌ನಲ್ಲಿ)

ನಾನು ಕಳಿಸುವ ಕಡೆಯವಳು, ಆದ್ದರಿಂದ ಎರಡು ಮಾತು. ಮೊದಲ ಸಲ ಅಪ್ಪೆಮಿಡಿ ಉಪ್ಪಿನಕಾಯಿಯ ಬಾಟಲಿ ಕಳಿಸಿದ್ದೆ. ಮುಚ್ಚಳದ ಸಂದಿಯಿಂದ ರಸ ಸೋರಿ, ಮಗನ ಸ್ವೆಟರ್‌ನಿಂದ ಹಿಡಿದು ಹಲಸಿನ ಹಪ್ಪಳದವರೆಗೆ ಎಲ್ಲಕ್ಕೂ ಸಾಸಿವೆ ಖಾರ ಹತ್ತಿತ್ತಂತೆ. ಈಗ ಬಾಟಲಿಯನ್ನು ಭರ್ತಿ ಮಾಡದೆ ಎರಡು ಬೆರಳು ಜಾಗ ಬಿಡುತ್ತೇನೆ, ಮುಚ್ಚಳಕ್ಕೆ ಟೇಪು ಸುತ್ತಿ, ಎರಡು ಕವರಿನಲ್ಲಿ ಕಟ್ಟಿ, ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತುತ್ತೇನೆ. ಅಂಚೆ ಕಚೇರಿಯ ಘೋಷಣಾ ಪತ್ರದಲ್ಲಿ ‘ಮನೆಯ ತಿಂಡಿ’ ಎಂದಷ್ಟೇ ಬರೆದರೆ ಆ ದೇಶದವರಿಗೆ ಏನೂ ತಿಳಿಯುವುದಿಲ್ಲ. ಯಾವ ಪದಾರ್ಥ, ಎಷ್ಟು ಗ್ರಾಂ, ಎಷ್ಟು ಬೆಲೆ ಎಂಬುದನ್ನು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಬರೆಯಿಸಿ. ಉಡುಗೊರೆ ಎಂಬ ಚೌಕಕ್ಕೆ ಗುರುತು ಹಾಕಿಸಿ.

ಮಗ ಒಮ್ಮೆ ಎಲ್ಲವೂ ಇಲ್ಲಿಯೇ ಸಿಗುತ್ತದೆ, ಸುಮ್ಮನೆ ಅಂಚೆಗೆ ದುಡ್ಡು ಸುರಿಯಬೇಡ ಎಂದಿದ್ದ. ಅಂದು ನನಗಾದ ಬೇಸರ, ಹಪ್ಪಳ ಹಾಳಾದಾಗಲೂ ಆಗಿರಲಿಲ್ಲ. ನಿಮ್ಮ ತಾಯಿಗೆ ಫೇಡೆಯ ಬದಲು ಮಾಡಲು ಒಂದು ಕೆಲಸ ಕೊಡಿ.

ಪ್ರಶ್ನೆ ಕೇಳಿದವಳಿಂದ

ಎಲ್ಲರಿಗೂ ವಂದನೆಗಳು. ನಿನ್ನೆ ಅವ್ವನಿಗೆ ನಿಜ ಹೇಳಿ, ಫೇಡೆಯ ಬದಲು ಶೇಂಗಾ ಹೋಳಿಗೆ ಬೇಕೆಂದೂ, ತುಪ್ಪ ಸವರದೆ ಎಣ್ಣೆಯಲ್ಲಿಯೇ ಬೇಯಿಸಬೇಕೆಂದೂ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಆ ಫೇಡೆ ಅವರರ ತಿಂದರೋ ಇಲ್ಲೋ?” ಎಂದು ಕೇಳಿದಳು. ಇಲ್ಲ, ನಾಶ ಮಾಡುತ್ತಾರೆ ಎಂದೆ. “ಅಯ್ಯ, ತಿಂದಿದ್ರ ನನಗ ಸಿಟ್ಟು ಬರತಿದ್ದಿಲ್ಲ ನೋಡು” ಎಂದಳು. ನಂತರ ಹೋಳಿಗೆ ಎಷ್ಟು ಬೇಕೆಂದು ವಿಚಾರಿಸಿದಳು.