22 ಜನರ ಕಂಪನಿಗೆ ಸಿಎಂಎಂಐ ಲೆವೆಲ್ 3 ಬೇಕಾ?

ಬಿಜೈ_ಕೋಡರ್

ಮಂಗಳೂರಿನ ಬಿಜೈಯಲ್ಲಿ ನಮ್ಮದೊಂದು ಸಣ್ಣ ಕಂಪನಿ. 22 ಜನ ಇದ್ದೇವೆ. ಸೊಸೈಟಿಗಳಿಗೆ ಠೇವಣಿ, ಸಾಲ, ಪಿಗ್ಮಿ ಲೆಕ್ಕದ ಸಾಫ್ಟ್‌ವೇರ್ ಮಾಡಿ ಕೊಡುತ್ತೇವೆ. ಈಗ ಒಂದು ಟೆಂಡರ್ ಬಂದಿದೆ, ಅದರಲ್ಲಿ ಸಿಎಂಎಂಐ ಲೆವೆಲ್ 3 ಅಥವಾ ಐಎಸ್‌ಒ 9001 ಇರಬೇಕು ಅಂತ ಉಂಟು. ಸಿಎಂಎಂಐ ಅಂದರೆ ಕಂಪನಿ ಎಷ್ಟು ಕ್ರಮವಾಗಿ ಕೆಲಸ ಮಾಡುತ್ತದೆ ಅಂತ ನೋಡಿ 1ರಿಂದ 5ರವರೆಗೆ ಲೆವೆಲ್ ಕೊಡುವ ಅಳತೆ, 9001 ಅಂದರೆ ಗುಣಮಟ್ಟ ಕಾಪಾಡುವ ಕ್ರಮಕ್ಕೆ ಸಿಗುವ ಸರ್ಟಿಫಿಕೇಟ್. ಒಬ್ಬ ಕನ್ಸಲ್ಟೆಂಟ್ ನಮ್ಮ ಬಾಸ್‌ಗೆ ಫೋನ್ ಮಾಡಿ, "ಎರಡು ವಾರದಲ್ಲಿ ಮಾಡಿಸಿ ಕೊಡ್ತೇನೆ, ನೀವು ಎಂತ ಮಾಡುವುದೂ ಬೇಡ" ಅಂದಿದ್ದಾರಂತೆ. ಅಲ್ಲಿಂದಲೇ ನನಗೆ ಡೌಟು.

ಕೇಳಲು ಇನ್ನೊಂದು ಕಾರಣವೂ ಇದೆ. 2024ರಲ್ಲಿ ನಮ್ಮ ಮಾನ ಹೋಯಿತು. ಒಂದು ವರ್ಷದ ಠೇವಣಿ, ಒಂದು ಲಕ್ಷ, 8 ಪರ್ಸೆಂಟ್ ಬಡ್ಡಿ. 2023 ಏಪ್ರಿಲ್ 1ಕ್ಕೆ ಇಟ್ಟು 2024 ಏಪ್ರಿಲ್ 1ಕ್ಕೆ ತೆಗೆದರೆ ನಡುವೆ ಫೆಬ್ರವರಿ 29 ಬರುತ್ತದೆ, 366 ದಿನ. ನಮ್ಮ ಪ್ರೋಗ್ರಾಂ 366 ದಿನ ಎಣಿಸಿ 365ರಿಂದ ಭಾಗಿಸುತ್ತಿತ್ತು, ಹಾಗಾಗಿ 8000 ಬರಬೇಕಾದಲ್ಲಿ 8022 ಬಂತು. ಇದು ಮೊದಲೇ ಗೊತ್ತಾಗಿ ಒಂದು ಸೊಸೈಟಿಗೆ ಸರಿ ಮಾಡಿ ಕೊಟ್ಟಿದ್ದೆವು. ಉಳಿದ ಎರಡು ಸೊಸೈಟಿಯ ಕೋಡ್ ಬೇರೆ ಕಾಪಿ, ಅದಕ್ಕೆ ಹಾಕಲು ಮರೆತೇಹೋಯಿತು. ಒಬ್ಬರು ಅಜ್ಜ ಎರಡು ಕಡೆ ಒಂದೇ ದಿನ ಒಂದೇ ಮೊತ್ತ ಇಟ್ಟಿದ್ದರು. ಎರಡೂ ಪಾಸ್‌ಬುಕ್ ಹಿಡ್ಕೊಂಡು ಬಂದು ಕೌಂಟರಿನಲ್ಲಿ ಪಕ್ಕಪಕ್ಕ ಇಟ್ಟರು. ನಮ್ಮ ಊರಲ್ಲಿ 22 ರೂಪಾಯಿ ಯಾರು ಬಿಡ್ತಾರೆ ಹೇಳಿ.

ನನ್ನ ಪ್ರಶ್ನೆ ಇಷ್ಟೇ. ಆ ಲೆವೆಲ್ ಇದ್ದಿದ್ದರೆ ಈ ತಪ್ಪು ಆಗುತ್ತಿರಲಿಲ್ಲವಾ? ಅಥವಾ ಗೋಡೆಗೆ ಒಂದು ಫ್ರೇಮ್ ಬಂದು ಅಜ್ಜ ಹಾಗೇ ನಿಂತಿರುತ್ತಿದ್ದರಾ?

ಮಣಿಪಾಲಕ್ಕೆ_ವಾಪಸ್

ಬೆಂಗಳೂರಿನಲ್ಲಿ 14 ವರ್ಷ ಇದ್ದು, ಮೂರು ಅಪ್ರೈಸಲ್ (ಲೆವೆಲ್ ಕೊಡುವ ಮುಂಚಿನ ತಪಾಸಣೆ) ನೋಡಿ, ಈಗ ಮಣಿಪಾಲದಲ್ಲಿ ಕೂತಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಇದರ ಹುಟ್ಟು ಗೊತ್ತಿರಲಿ. ಸಾಫ್ಟ್‌ವೇರ್ ಮಾಡಿ ಕೊಡುವ ಕಂಪನಿಗಳಲ್ಲಿ ಯಾರನ್ನು ನಂಬುವುದು ಅಂತ ಅಮೆರಿಕದ ರಕ್ಷಣಾ ಇಲಾಖೆಗೆ ತಲೆನೋವಿತ್ತು. ಅವರ ದುಡ್ಡಿನಲ್ಲಿ 1984ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಂದು ಸಂಸ್ಥೆ ಶುರುವಾಯಿತು. ಐಬಿಎಂನಿಂದ ಅಲ್ಲಿಗೆ ಬಂದ ವಾಟ್ಸ್ ಹಂಫ್ರಿ ಈ ಐದು ಮೆಟ್ಟಿಲಿನ ಲೆಕ್ಕ ಕಟ್ಟಿದರು. 1991ರಲ್ಲಿ ಸಿಎಂಎಂ ಬಂತು, 2000ದಲ್ಲಿ ಅದೇ ಸಿಎಂಎಂಐ ಆಯಿತು. ಅಂದರೆ ಇದು ಕೊಳ್ಳುವವನ ಅಳತೆಕೋಲು ಆಗಿ ಹುಟ್ಟಿದ್ದು. ಟೆಂಡರ್‌ನವರು ಕೇಳುವುದರಲ್ಲಿ ಆಶ್ಚರ್ಯ ಇಲ್ಲ.

ಲೆವೆಲ್ 1ಕ್ಕೆ ಯಾರೂ ಅರ್ಜಿ ಹಾಕಬೇಕಿಲ್ಲ, ನಾವೆಲ್ಲ ಹುಟ್ಟುತ್ತಲೇ ಅಲ್ಲಿ ಇರುತ್ತೇವೆ. ಒಬ್ಬ ಹುಷಾರಿ ಹುಡುಗ ರಾತ್ರಿ ಕೂತು ಕೆಲಸ ಮುಗಿಸುತ್ತಾನೆ, ಅವನು ರಜೆ ಹಾಕಿದರೆ ಆಫೀಸೇ ನಿಲ್ಲುತ್ತದೆ. 2 ಅಂದರೆ ಒಂದೊಂದು ಪ್ರಾಜೆಕ್ಟ್ ಆದರೂ ಹಿಡಿತದಲ್ಲಿದೆ ಅಂತ. 3 ಅಂದರೆ ಇಡೀ ಕಂಪನಿಗೆ ಒಂದೇ ಕ್ರಮ ಇದೆ, ಪ್ರಾಜೆಕ್ಟಿಗೆ ತಕ್ಕ ಹಾಗೆ ಅದನ್ನು ಹೊಂದಿಸಿಕೊಳ್ಳುತ್ತಾರೆ ಅಂತ. 4, 5 ಬಂದಾಗ ಅಂಕಿಅಂಶದ ಆಟ, ಅದು ನಿಮಗೆ ಸದ್ಯಕ್ಕೆ ಬೇಡ.

ನಿಮ್ಮ ಅಜ್ಜನ ಕೇಸ್ ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್. ಯಾವ ಗ್ರಾಹಕನ ಹತ್ತಿರ ಯಾವ ವರ್ಷನ್ ಇದೆ, ಯಾವ ತಿದ್ದುಪಡಿ ಎಲ್ಲಿಗೆ ಹೋಗಿದೆ ಅನ್ನುವ ಲೆಕ್ಕ. ಹಳೆಯ ಸಿಎಂಎಂನಲ್ಲಿ ಅದು ಲೆವೆಲ್ 2ರ ಪಾಠ. 3ರವರೆಗೆ ಹೋಗಬೇಕಾಗಿಯೇ ಇಲ್ಲ.

ಆದರೆ ಕಾಗದದ ಕಥೆಯೂ ಕೇಳಿ. ಒಂದು ಕಡೆ ಅಪ್ರೈಸಲ್‌ಗೆ ಹತ್ತು ದಿನ ಇದೆ ಅನ್ನುವಾಗ ಕೋಡ್ ರಿವ್ಯೂ ಶೀಟುಗಳೇ (ಒಬ್ಬರ ಕೋಡನ್ನು ಇನ್ನೊಬ್ಬರು ನೋಡಿದ ದಾಖಲೆ) ಇಲ್ಲ ಅಂತ ಗೊತ್ತಾಯಿತು. ಮ್ಯಾನೇಜರ್ ಪಿಜ್ಜಾ ತರಿಸಿ ಎಲ್ಲರನ್ನೂ ಕೂರಿಸಿ ಹಿಂದಿನ ತಾರೀಕು ಹಾಕಿಸಿ ತುಂಬಿಸಿದರು. ನಾನೂ ತುಂಬಿಸಿದೆ, ಸುಳ್ಳು ಯಾಕೆ ಹೇಳಲಿ. ಅಪ್ರೈಸರ್ ಒಂದೊಂದೇ ಹಾಳೆ ತಿರುಗಿಸಿ, ಒಂದರ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು: "ಆಗಸ್ಟ್ 15ಕ್ಕೆ ನಿಮಗೆ ರಜೆ ಇಲ್ವಾ?"

ಸುಮ್ನೆ_ಓದುವವ

ಎಲ್ಲ ಬರೀ ಶೋ ಮಾರಾಯ್ರೆ. ಕೋಡ್ ಬದಲಾವಣೆಯ ಲೆಕ್ಕ ಇಡಲು ಒಂದು ಗಿಟ್, ಒಂದು ಒಳ್ಳೆಯ ಟೆಸ್ಟರ್, ಇಷ್ಟಿದ್ದರೆ ಆಯ್ತು. ಲೆವೆಲ್ 5 ಕಂಪನಿಯ ಆ್ಯಪ್ ಬಳಸಿ ನೋಡಿ, ಓಟಿಪಿ ಬರುವಷ್ಟರಲ್ಲಿ ಒಂದು ನಿದ್ರೆ ಆಗುತ್ತದೆ.

ಗೇರುಬೀಜ_ಕಂಪ್ಯೂಟರ್

ನಾನು ಕಾರ್ಕಳದ ಹತ್ತಿರ ಗೇರುಬೀಜದ ಫ್ಯಾಕ್ಟರಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವ. ಮೇಲಿನವರು ಹೇಳಿದ ಓಟಿಪಿ ಮಾತಿಗೆ ಇಲ್ಲೇ ಉತ್ತರ ಇದೆ ಅನಿಸಿತು. ನಮ್ಮಲ್ಲಿ ಡಬ್ಲ್ಯೂ 320 ಅಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬಿಳಿ ಬೀಜ. ಡಬ್ಲ್ಯೂ 180 ಅಂದರೆ ಇನ್ನೂ ದಪ್ಪ, 180 ದಾಟುವುದಿಲ್ಲ. ಟಿನ್ ಒಡೆದು ತೂಗಿ ಎಣಿಸಿದರೆ ಸತ್ಯ ಗೊತ್ತಾಗಿಬಿಡುತ್ತದೆ. ಅದು ಬೀಜದ ಗ್ರೇಡ್.

ಸಿಎಂಎಂಐ ಬೀಜವನ್ನು ಎಣಿಸುವುದಿಲ್ಲ. ಹುರಿಯುವ, ಸುಲಿಯುವ, ಆರಿಸುವ ಕೆಲಸ ದಿನವೂ ಒಂದೇ ಕ್ರಮದಲ್ಲಿ ನಡೆಯುತ್ತದಾ ಅಂತ ನೋಡುತ್ತದೆ, ಅಷ್ಟೇ. ಕ್ರಮ ಸರಿ ಇದ್ದರೆ ತುಂಡು ಕಡಿಮೆ ಆಗುವ ಸಾಧ್ಯತೆ ಜಾಸ್ತಿ. ಆದರೆ ಕಚ್ಚಾ ಬೀಜವೇ ಹುಳುಕಾದರೆ? ಹಾಗಾಗಿ ಲೆವೆಲ್ 5 ಕಂಪನಿಯಿಂದ ಕೆಟ್ಟ ಆ್ಯಪ್ ಬಂದರೆ ಅದು ಮೋಸವೇ ಆಗಬೇಕೆಂದಿಲ್ಲ, ಅವರಿಗೆ ಸಿಕ್ಕ ಗ್ರೇಡ್ ಆ್ಯಪಿನದ್ದು ಅಲ್ಲ.

ಟೆಸ್ಟಿಂಗ್_ಅಕ್ಕ

ಸುಮ್ನೆ ಓದುವ ತಮ್ಮಾ, ಗಿಟ್ ಇದ್ದರೂ ಮೂರು ಗ್ರಾಹಕರಿಗೆ ಮೂರು ಫೋಲ್ಡರ್ ಮಾಡಿ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. ಗಿಟ್ ಎಂತ ಮಾಡುತ್ತದೆ ಪಾಪ.

ಬಿಜೈಯವರೇ, ಎರಡು ವಾರದ ಆ ಕನ್ಸಲ್ಟೆಂಟ್ ಫೋನ್ ತೆಗೆಯಬೇಡಿ. ಸಿಎಂಎಂಐ ಅಪ್ರೈಸಲ್‌ನಲ್ಲಿ ನೀವು ನಿಜವಾಗಿ ಮಾಡಿದ ಪ್ರಾಜೆಕ್ಟ್‌ಗಳ ದಾಖಲೆ ನೋಡುತ್ತಾರೆ, ನಿಮ್ಮ ಹುಡುಗರನ್ನು ಕೂರಿಸಿ ಮಾತಾಡಿಸುತ್ತಾರೆ. ಮಾಡದೇ ಇದ್ದದ್ದನ್ನು ಎರಡು ವಾರದಲ್ಲಿ ತೋರಿಸುವುದು ಹೇಗೆ? ಸಿಕ್ಕಿದರೂ ಮೂರು ವರ್ಷಕ್ಕೆ ಮಾತ್ರ, ಆಮೇಲೆ ಪುನಃ ಖರ್ಚು.

ನಿಮ್ಮ ಅಳತೆಗೆ ಐಎಸ್‌ಒ 9001 ವಾಸಿ, ಟೆಂಡರ್‌ನಲ್ಲೇ "ಅಥವಾ" ಅಂತ ಇದೆಯಲ್ಲ. ಅದು ಸಾಫ್ಟ್‌ವೇರ್‌ಗೆ ಅಂತಲೇ ಮಾಡಿದ್ದಲ್ಲ, ಹೆಂಚಿನ ಕಾರ್ಖಾನೆಯೂ ತೆಗೆದುಕೊಳ್ಳಬಹುದು. 2015ರ ಆವೃತ್ತಿಯಲ್ಲಿ ಆ ದಪ್ಪ ಕ್ವಾಲಿಟಿ ಮ್ಯಾನ್ಯುಯಲ್ ಕಡ್ಡಾಯ ಅಲ್ಲ, ಯಾರಾದರೂ 200 ಪುಟ ಮಾರಲು ಬಂದರೆ ಬೇಡ ಅನ್ನಿ. ಸರ್ಟಿಫಿಕೇಟ್ ಕೊಡುವುದು ಐಎಸ್‌ಒ ಅಲ್ಲ, ಬೇರೆ ಸಂಸ್ಥೆಗಳು. ಆ ಸಂಸ್ಥೆಗೆ ಎನ್‌ಎಬಿಸಿಬಿ (ಇಂಥ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಭಾರತದ ಮಂಡಳಿ) ಅಥವಾ ಅಂಥದ್ದೇ ಮಾನ್ಯತೆ ಇದೆಯಾ ನೋಡಿ. ಇಲ್ಲದಿದ್ದರೆ ಟೆಂಡರ್ ತೆರೆದ ದಿನವೇ ಹೊರಗೆ ಹಾಕಿಯಾರು.

ಇನ್ನೊಂದು, ಜಾಸ್ತಿ ಜನರಿಗೆ ಗೊತ್ತಿಲ್ಲ. 25 ಜನರವರೆಗಿನ ಸಣ್ಣ ಕಂಪನಿಗಳಿಗಾಗಿಯೇ ಐಎಸ್‌ಒ/ಐಇಸಿ 29110 ಅಂತ ಸಾಫ್ಟ್‌ವೇರ್ ಕೆಲಸದ ಒಂದು ಮಾನದಂಡ ಇದೆ. ಈ ಟೆಂಡರ್‌ಗೆ ಅದು ಲೆಕ್ಕಕ್ಕೆ ಬರುವುದಿಲ್ಲ, ಆದರೆ ಓದಿ ನೋಡಿದರೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ನನ್ನ ಕೇಳಿದರೆ ಮೂರು ಕಾಪಿಯನ್ನು ಒಂದು ಮಾಡುವುದೇ ಮೊದಲ ಕೆಲಸ. ಸೊಸೈಟಿಗೊಂದು ಬೇರೆ ನಿಯಮ ಬೇಕಾದರೆ ಸೆಟ್ಟಿಂಗ್‌ನಲ್ಲಿ ಇಡಿ, ಕೋಡ್‌ನಲ್ಲಿ ಬೇಡ. ಮತ್ತೆ ಆ ಅಜ್ಜನ ಠೇವಣಿಯನ್ನೇ ಒಂದು ಟೆಸ್ಟ್ ಕೇಸ್ ಮಾಡಿ, ಪ್ರತಿ ರಿಲೀಸ್‌ಗೆ ಮುಂಚೆ ಓಡಿಸಿ.

ಬಿಜೈ_ಕೋಡರ್

ಎಲ್ಲರಿಗೂ ಥ್ಯಾಂಕ್ಸ್. ಬಾಸ್‌ಗೆ ಗೇರುಬೀಜದ ಉದಾಹರಣೆ ಕೊಟ್ಟೆ, ಅವರ ಮಾವನ ಮನೆಯವರದ್ದು ಅದೇ ವ್ಯಾಪಾರ, ತಟ್ಟನೆ ತಲೆಗೆ ಹೋಯಿತು. ಈ ಟೆಂಡರ್ ಬಿಟ್ಟೆವು. ಮುಂದಿನದಕ್ಕೆ 9001 ನೋಡೋಣ ಅಂದಿದ್ದಾರೆ, ನೋಡೋಣ.

ಅಕ್ಕಾ, ನಿನ್ನೆಯಿಂದ ಮೂರು ಕಾಪಿ ಒಂದು ಮಾಡಲು ಕೂತಿದ್ದೇವೆ. ಮಧ್ಯಾಹ್ನದ ಒಳಗೆ ನಾಲ್ಕನೇ ಕಾಪಿ ಸಿಕ್ಕಿತು. ನನ್ನ ಲ್ಯಾಪ್‌ಟಾಪ್‌ನಲ್ಲೇ ಇತ್ತು, "ಫೈನಲ್ ಹೊಸದು 2" ಅಂತ ಹೆಸರು.