ಸಹಾಯ ಬೇಕು: ಲ್ಯಾಟಿನ್ ‘ಯುಗುಂ’ ಮತ್ತು ನಮ್ಮ ನೊಗ

ಲ್ಯಾಟಿನ್ ಕಲಿಯುತ್ತಾ ‘ಯುಗುಂ’ ಪದದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅರ್ಥ ನೊಗ. ಸಂಸ್ಕೃತದ ಯುಗ, ಇಂಗ್ಲಿಷಿನ ಯೋಕ್ ಇದರ ಒಡಹುಟ್ಟುಗಳೇ. ಒಂದು ಜೋಡಿ ಎತ್ತು ದಿನಕ್ಕೆ ಉಳುವಷ್ಟು ನೆಲವನ್ನು ರೋಮನ್ನರು ‘ಯುಗೆರುಂ’ ಅನ್ನುತ್ತಿದ್ದರು, ಸುಮಾರು ಕಾಲು ಹೆಕ್ಟೇರು. ಗಂಡ ಹೆಂಡತಿ ಇಬ್ಬರಿಗೂ ‘ಕೊನ್ಯುಂಕ್ಸ್’, ಒಂದೇ ನೊಗಕ್ಕೆ ಕಟ್ಟಿದವರು ಅಂತ (ಮದುವೆಯಾದವರು ನಗಬೇಡಿ). ಸೋತ ಸೈನಿಕರನ್ನು ಈಟಿಗಳಿಂದ ಕಟ್ಟಿದ ನೊಗದಡಿ ಬಗ್ಗಿಸಿ ನಡೆಸುತ್ತಿದ್ದರು, ಕ್ರಿ.ಪೂ. 321ರಲ್ಲಿ ಇಟಲಿಯದ್ದೇ ಆದ ಸಾಮ್ನೈಟ್ ಜನರು ರೋಮನ್ನರಿಗೇ ಹಾಗೆ ಮಾಡಿಬಿಟ್ಟರು; ಇಂಗ್ಲಿಷಿನ ಸಬ್‌ಜುಗೇಟ್ (ಅಡಿಯಾಳಾಗಿಸು) ಪದದ ಒಳಗೂ ಈ ನೊಗವೇ ಇದೆ.

ಈಗ ಪ್ರಶ್ನೆ. ಕನ್ನಡದ ನೊಗ, ತಮಿಳಿನ ನುಗಂ ಸಂಸ್ಕೃತದ ಈ ‘ಯುಗ’ ಪದದಿಂದಲೇ ಬಂದವಾ, ಇಲ್ಲಾ ದ್ರಾವಿಡ ಬೇರಿನವಾ? ಅಟ್ಟದ ಮೇಲಿರುವ ತಾತನ ನೊಗ ನೋಡಿದಾಗಲೆಲ್ಲ ಇದೇ ತಲೆ ಕೊರೆಯುತ್ತದೆ. ‘ಯ’ ಹೋಗಿ ‘ನ’ ಬಂದ ಬೇರೆ ಪದಗಳಿದ್ದರೆ ಹೇಳಿ, ಸುಮ್ನೆ ‘ಎಲ್ಲಾ ಸಂಸ್ಕೃತದಿಂದಲೇ’ ಅನ್ನಬೇಡಿ ಮಾರಾಯ್ರೆ.