ಅಸಿಡೋಸಿಸ್‌ಗೆ ಏನನ್ನೋಣ? ‘ಆಮ್ಲ’ ಅಂದರೆ ಸಾಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ.

ನಾನು ಐಸಿಯುನಲ್ಲಿ ಕೆಲಸ ಮಾಡುವ ಡಾಕ್ಟರ್. ರೋಗಿಯ ಮನೆಯವರ ಎದುರು ನಿಂತು ‘ಅಸಿಡೋಸಿಸ್’ (ರಕ್ತವನ್ನ ಆಮ್ಲದ ಕಡೆಗೆ ಎಳೆಯುವ ತೊಂದರೆ) ಅನ್ನೋದನ್ನ ಹೇಳಲು ಒಂದು ಮಾತು ಬೇಕಾಗಿದೆ.

ಮೊನ್ನೆ ಸಕ್ಕರೆ ಕಾಯಿಲೆಯ ಹುಡುಗನೊಬ್ಬ ಬಂದ. ನಾಲ್ಕು ದಿನ ಇನ್ಸುಲಿನ್ ತಪ್ಪಿತ್ತು. ಎದೆ ತುಂಬಾ ಉಸಿರು ಎಳೆದೆಳೆದು ಬಿಡುತ್ತಿದ್ದ. ಎಬಿಜಿಯಲ್ಲಿ (ಅಪಧಮನಿಯ ರಕ್ತದ ಪರೀಕ್ಷೆ) ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.1. ಇದು ಇಳಿದಷ್ಟೂ ಆಮ್ಲ ಜಾಸ್ತಿ. “ರಕ್ತದಲ್ಲಿ ಆಸಿಡ್ ಜಾಸ್ತಿ ಆಗಿದೆ” ಅಂದೆ. “ಹೌದು ಡಾಕ್ಟ್ರೇ, ಇವನಿಗೆ ಅಸಿಡಿಟಿ ಮೊದಲಿಂದಲೂ ಇದೆ, ಹುಳಿತೇಗು ಬರ್ತಾನೇ ಇರುತ್ತೆ. ಖಾರ ಬಿಡು ಅಂದ್ರೆ ಬಿಡಲ್ಲ” ಅಂದರು ಅವನ ತಾಯಿ. ಅವರದೇನೂ ತಪ್ಪಿಲ್ಲ. ನಮ್ಮ ಮಾತಿನಲ್ಲಿ ಅಸಿಡಿಟಿ ಅಂದರೆ ಎದೆಯುರಿಯೇ ಅಲ್ವಾ?

‘ಆಮ್ಲ’ ಅಂದರೆ ಇನ್ನೊಂದು ತೊಡಕು. ಜನಕ್ಕೆ ತಕ್ಷಣ ನೆನಪಾಗೋದು ಆಮ್ಲಜನಕ. “ಜಾಸ್ತಿ ಆದ್ರೆ ಒಳ್ಳೇದೇ ಅಲ್ವಾ?” ಅಂತ ಕೇಳಿದವರಿದ್ದಾರೆ. ಆಮ್ಲ ಹುಟ್ಟಿಸೋದು ಈ ಅನಿಲವೇ ಅಂತ 18ನೇ ಶತಮಾನದಲ್ಲಿ ಲವಾಸಿಯೇ ಎಂಬ ಫ್ರೆಂಚ್ ವಿಜ್ಞಾನಿ ತಪ್ಪಾಗಿ ತಿಳಿದು ಇಟ್ಟ ಹೆಸರು ಕನ್ನಡಕ್ಕೂ ಹಾಗೇ ಬಂದಿದೆ. ಪಿಎಚ್ ಅಳೆಯೋದು ಜಲಜನಕದ ಅಯಾನನ್ನು!

ಅದಕ್ಕಿಂತ ದೊಡ್ಡ ತೊಂದರೆ ಅರ್ಥದ್ದು. ಆರೋಗ್ಯವಂತರ ರಕ್ತದ ಪಿಎಚ್ 7.35ರಿಂದ 7.45. ಶಾಲೆಯಲ್ಲಿ ಕಲಿತ ಲೆಕ್ಕದಲ್ಲಿ 7ರ ಮೇಲಿದ್ದರೆ ಕ್ಷಾರ. ಅಂದರೆ ಆ ಹುಡುಗನ ರಕ್ತ ಇನ್ನೂ ಕ್ಷಾರದ ಕಡೆಯೇ ಇತ್ತು. ಅದು ಆಮ್ಲ ಆಗಿರಲಿಲ್ಲ, ಆ ಕಡೆಗೆ ವಾಲಿತ್ತು. ಹಾಗೆ ವಾಲಿದ ಸ್ಥಿತಿಗೆ ಅಸಿಡೀಮಿಯಾ ಅಂತ ಬೇರೆ ಹೆಸರಿದೆ. ಅಸಿಡೋಸಿಸ್ ಅಂದರೆ ವಾಲಿಸುವ ಎಳೆತ. ಎರಡೂ ಒಂದೇ ಅಲ್ಲ. ಇದೇ ಹುಡುಗ ಜೋರಾಗಿ ವಾಂತಿಯನ್ನೂ ಮಾಡಿಕೊಂಡಿದ್ದರೆ ಹೊಟ್ಟೆಯ ಆಸಿಡ್ ಹೊರಗೆ ಹೋಗಿ ಕ್ಷಾರದ ಕಡೆಗೂ ಎಳೆತ ಶುರುವಾಗುತ್ತಿತ್ತು. ಎರಡು ಕಡೆಯ ಎಳೆತ ಸಮ ಆದರೆ ಪಿಎಚ್ ಸರಿಯಾಗೇ ಕಾಣುತ್ತೆ, ರೋಗಿ ಮಾತ್ರ ಸಾವಿನ ಅಂಚಿನಲ್ಲಿರಬಹುದು.

ಹಾಗಾಗಿ ಅಸಿಡೋಸಿಸ್‌ಗೆ ‘ಹುಳಿಯೆಳೆತ’, ಅಸಿಡೀಮಿಯಾಗೆ ‘ಹುಳಿವಾಲು’ ಅಂದರೆ ಹೇಗೆ? ಕ್ಷಾರದ ಕಡೆಗಿನ ಎಳೆತವಾದ ಆಲ್ಕಲೋಸಿಸ್‌ಗೆ ‘ಚೌಳೆಳೆತ’. ಹುಳಿ ಮಣ್ಣು, ಚೌಳು ಮಣ್ಣು ರೈತರ ಬಾಯಲ್ಲಿ ಇದ್ದೇ ಇವೆ. ಒಂದೇ ಅಳುಕು. ಹುಳಿ ಮಣ್ಣಿಗೆ ಸುಣ್ಣ ಹಾಕಿದ ಹಾಗೆ ರಕ್ತಕ್ಕೂ ಸೋಡಾ ಹಾಕಿದರೆ ಆಯ್ತು ಅಂತ ಜನ ತಿಳಿಯಬಹುದು. ಆ ಹುಡುಗನಿಗೆ ಬೇಕಾಗಿದ್ದು ಸಲೈನ್, ಇನ್ಸುಲಿನ್, ಜೊತೆಗೆ ಪೊಟ್ಯಾಸಿಯಂ ಮೇಲೆ ಒಂದು ಕಣ್ಣು. ಎಳೆಯುತ್ತಿರುವ ಕೈಯನ್ನೇ ಬಿಡಿಸಬೇಕು.

ನಿಮ್ಮ ಕಡೆ ಚೌಳು ಅನ್ನುತ್ತಾರಾ, ಸವಳು ಅನ್ನುತ್ತಾರಾ? ‘ಹುಳಿಯೆಳೆತ’ ಅಂದರೆ ನಿಮ್ಮ ಮನೆಯ ಹಿರಿಯರಿಗೆ ಏನು ಹೊಳೆಯುತ್ತೆ? ಕೇಳಿ ಬರೆಯುತ್ತೀರಾ?